ಮೇಲ್ ಹಾಕಿದ ಮಾತ್ರಕ್ಕೆ ಪ್ಯಾಚ್ ಆಗುವುದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ. ಕೇಳುವ ಧಾಟಿ ಬೇರೆ, ಅಷ್ಟೇ. ಹಾಗಾಗಿ ಉಳಿದವರಿಗೆ ಜಾಗ ಕಮ್ಮಿ. ಪ್ಯಾಚ್ ಅಂದರೇನು ಎಂದು ಕೇಳಿದವರಿಗೆ: ಸಾಫ್ಟ್‌ವೇರ್‌ನ ತೂತು ಮುಚ್ಚುವ ತೇಪೆ. ಜಾಸ್ತಿ ಬೇಕಿದ್ದರೆ ನಿಮ್ಮ ಆಫೀಸಿನ ಐಟಿ ಹುಡುಗರನ್ನೇ ಕೇಳಿ, ಅವರಿಗೂ ಖುಷಿಯಾಗುತ್ತೆ.

ಪ್ರಶ್ನೆ: ನಾವು ಬಳಸುವ ಒಂದು ಸಾಫ್ಟ್‌ವೇರ್ ಲೈಬ್ರರಿಯ ದೋಷದ ಸುದ್ದಿ ಬಂದ ಮಾರನೇ ದಿನವೇ ಪ್ಯಾಚ್ ಹಾಕಿ ಅಂತ ಎಲ್ಲ ಟೀಮಿಗೂ ಮೇಲ್ ಹಾಕಿದ್ದೇವೆ. ಸ್ಕ್ಯಾನ್ ಮಾಡಿಸಿದೆವು, ಏನೂ ಸಿಗಲಿಲ್ಲ. ಇನ್ನು ಟಿಕೆಟ್ ಕ್ಲೋಸ್ ಮಾಡಬಹುದಲ್ವಾ ಸರ್? (ಐಟಿ ಮ್ಯಾನೇಜರ್, ಬೆಂಗಳೂರು)

ಮಾಡಬೇಡಿ. ನೀವು ಹೇಳಿದ್ದನ್ನೇ 2017ರಲ್ಲಿ ಅಮೆರಿಕದ ಎಕ್ವಿಫ್ಯಾಕ್ಸ್ ಚಾಚೂ ತಪ್ಪದೆ ಮಾಡಿತ್ತು. ಜನರ ಸಾಲದ ಲೆಕ್ಕ ಇಡುವ ಕಂಪನಿ ಅದು, ನಮ್ಮ ಸಿಬಿಲ್ ಥರದ್ದು.

ಆ ವರ್ಷ ಮಾರ್ಚ್ 7ಕ್ಕೆ ಅಪಾಚೆ ಸ್ಟ್ರಟ್ಸ್‌ನಲ್ಲಿ (ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಲೈಬ್ರರಿ) ದೊಡ್ಡ ತೂತು ಇರುವುದು ಗೊತ್ತಾಯಿತು. ತೂತು ಎಂಥದ್ದು ಅಂದರೆ, ಬ್ರೌಸರ್ ಫಾರ್ಮ್ ಅಥವಾ ಫೈಲ್ ಕಳಿಸುವ ಕೋರಿಕೆಯಲ್ಲಿ ಕಂಟೆಂಟ್-ಟೈಪ್ ಎಂಬ ಒಂದು ಸಾಲು ಇರುತ್ತೆ. ಅಲ್ಲಿ ಅಡ್ಡಾದಿಡ್ಡಿ ಏನಾದರೂ ಬರೆದು ಕಳಿಸಿದರೆ ಸ್ಟ್ರಟ್ಸ್ "ಇದು ತಪ್ಪು" ಅಂತ ದೋಷದ ಸಂದೇಶ ತಯಾರಿಸಲು ಹೊರಡುತ್ತಿತ್ತು. ಆ ಸಂದೇಶ ಕಟ್ಟುವಾಗ, ಕಳ್ಳ ಬರೆದು ಕಳಿಸಿದ್ದನ್ನೇ ಆಜ್ಞೆ ಅಂದುಕೊಂಡು ನಡೆಸಿಬಿಡುತ್ತಿತ್ತು! ಪಾಸ್‌ವರ್ಡ್ ಬೇಡ, ಲಾಗಿನ್ ಬೇಡ. ಒಂದು ಸಾಲು ಸಾಕು.

ಸರಿಪಡಿಸಿದ ಆವೃತ್ತಿಗಳು, 2.3.32 ಮತ್ತು 2.5.10.1, ಕೈಗೆ ಸಿಗುವಂತಿದ್ದವು. ಮಾರ್ಚ್ 8ಕ್ಕೆ ಅಮೆರಿಕ ಸರ್ಕಾರದ ಎಚ್ಚರಿಕೆ ಬಂತು. 9ಕ್ಕೆ ಕಂಪನಿಯೊಳಗೆ 400ಕ್ಕೂ ಹೆಚ್ಚು ಜನಕ್ಕೆ ಮೇಲ್ ಹೋಯಿತು: 48 ಗಂಟೆಯೊಳಗೆ ಪ್ಯಾಚ್ ಹಾಕಿ. 15ಕ್ಕೆ ಸ್ಕ್ಯಾನ್ ಆಯಿತು. ಏನೂ ಸಿಗಲಿಲ್ಲ. ನಿಮ್ಮ ಹಾಗೇ.

ಮೇಲ್ ಪಟ್ಟಿ ಹಳೇದಾಗಿತ್ತು. ಯಾರು ಪ್ಯಾಚ್ ಹಾಕಬೇಕಿತ್ತೋ ಅವರಿಗೇ ತಲುಪಲಿಲ್ಲ. ಸ್ಕ್ಯಾನರ್ ಮೇಲಿನ ಡೈರೆಕ್ಟರಿ ಇಣುಕಿ ವಾಪಸ್ ಬಂತು, ಸ್ಟ್ರಟ್ಸ್ ಕೂತಿದ್ದು ಅದರ ಒಳಗಿನ ಫೋಲ್ಡರ್‌ನಲ್ಲಿ. ಆ ಸ್ಟ್ರಟ್ಸ್ ಇದ್ದದ್ದು ಗ್ರಾಹಕರು ದೂರು ಕೊಡುವ ಪೋರ್ಟಲ್‌ನಲ್ಲಿ, ಅದರ ಬೇರು 1970ರ ದಶಕದ ವ್ಯವಸ್ಥೆಯಲ್ಲಿತ್ತು. ಮೇ ತಿಂಗಳ ನಡುವೆ ಅದೇ ತೂತಿನಿಂದ ನುಗ್ಗಿದವರು 76 ದಿನ ಒಳಗೇ ಓಡಾಡಿಕೊಂಡಿದ್ದರು. ನೆಟ್‌ವರ್ಕ್‌ನಲ್ಲಿ ಹೋಗಿಬರುವ ಡೇಟಾ ತಪಾಸಣೆ ಮಾಡುವ ಸಾಧನದ ಸರ್ಟಿಫಿಕೇಟ್ (ಗೂಢಲಿಪಿ ಬಿಚ್ಚಿ ಓದಲು ಬೇಕಾದದ್ದು) ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದಿತ್ತು, ಹಾಗಾಗಿ ಅದು ಕುರುಡಾಗಿತ್ತು. ಜುಲೈ 29ಕ್ಕೆ ಹೊಸ ಸರ್ಟಿಫಿಕೇಟ್ ಹಾಕಿದ ಕೂಡಲೇ ಕಳ್ಳತನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14 ಕೋಟಿ 70 ಲಕ್ಷ ಜನರ ವಿವರ ಹೋಗಿಯಾಗಿತ್ತು. ಆಮೇಲೆ ಅಲ್ಲಿನ ಮಾಜಿ ಮುಖ್ಯಸ್ಥರು ಸಂಸತ್ತಿನ ಮುಂದೆ ಕೂತು, ಪ್ಯಾಚ್ ಹಾಕಲು ಹೇಳಬೇಕಿದ್ದ ಒಬ್ಬ ನೌಕರ ಹೇಳಲಿಲ್ಲ ಅಂದರು. ಅಷ್ಟು ದೊಡ್ಡ ಕಂಪನಿ ಒಬ್ಬನ ಮೇಲೆ ನಿಂತಿತ್ತು ಅಂದರೆ ತಪ್ಪು ಅವನದ್ದಾ?

ಅದಕ್ಕೆ ನಿಮಗೆ ನನ್ನ ಮರುಪ್ರಶ್ನೆ: ದೋಷ ಇರುವ ಆ ಲೈಬ್ರರಿ ನಿಮ್ಮಲ್ಲಿ ಎಷ್ಟು ಕಡೆ ಇದೆ? ಪಟ್ಟಿ ಇದೆಯಾ? ಪ್ರತಿ ಅಪ್ಲಿಕೇಶನ್ ಮುಂದೆ ಒಬ್ಬರ ಹೆಸರು ಇದೆಯಾ, ಅವರು ಇನ್ನೂ ಕೆಲಸದಲ್ಲಿ ಇದ್ದಾರಾ? "ಟೀಮ್" ಅಂತ ಬರೆದಿದ್ದರೆ ಯಾರೂ ಇಲ್ಲ ಅಂತಲೇ ಅರ್ಥ. ಸ್ಕ್ಯಾನರ್‌ಗೆ ಸರ್ವರ್‌ನ ಲಾಗಿನ್ ಕೊಟ್ಟಿದ್ದೀರಾ, ಇಲ್ಲಾ ಹೊರಗಿನಿಂದ ಬಾಗಿಲು ತಟ್ಟಿಸಿದಿರಾ?

ಇನ್ನೊಂದು ವಿಷಯ. ಸ್ಟ್ರಟ್ಸ್ ಥರದ್ದು ವಿಂಡೋಸ್ ಅಪ್‌ಡೇಟ್ ಅಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಲ್ಲ. ಹೊಸ ಆವೃತ್ತಿ ಸೇರಿಸಿ ಅಪ್ಲಿಕೇಶನ್ ಮತ್ತೆ ಬಿಲ್ಡ್ ಮಾಡಬೇಕು, ಟೆಸ್ಟ್ ಮಾಡಬೇಕು, ಡಿಪ್ಲಾಯ್ ಮಾಡಬೇಕು. ಒಂದು ಕಂಪನಿಯಲ್ಲಿ "ಪ್ಯಾಚ್ ಆಗಿದೆ" ಅಂತ ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ಬಳಿದು ತೋರಿಸಿದರು. ಲೈಬ್ರರಿಗಳು ಇರುವ ಲಿಬ್ ಫೋಲ್ಡರ್ ತೆಗೆಸಿ ನೋಡಿದೆ. ಹೊಸ ಜಾರ್ ಫೈಲ್ (ಲೈಬ್ರರಿಯ ಕಟ್ಟು) ಇತ್ತು ನಿಜ, ಪಕ್ಕದಲ್ಲೇ ಹಳೇದೂ ಇತ್ತು. ಸರ್ವರ್ ಲೋಡ್ ಮಾಡಿಕೊಂಡಿದ್ದು ಹಳೇದನ್ನೇ. ಅವತ್ತಿನಿಂದ ನಾನು ಶೀಟ್ ನೋಡುವುದು ಬಿಟ್ಟಿದ್ದೇನೆ. ಓಡುತ್ತಿರುವ ಪ್ರೋಸೆಸ್ ಯಾವ ಆವೃತ್ತಿ ಹಿಡಿದುಕೊಂಡಿದೆ ಅಂತ ಕಣ್ಣಾರೆ ಕಂಡರೇ ಕ್ಲೋಸ್.

ಪ್ರಶ್ನೆ: ನಮ್ಮ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್) ಸರ್ವರ್‌ಗೆ ತಡವಾಗಿ ಪ್ಯಾಚ್ ಹಾಕಿದೆವು. ಇನ್ನು ಚಿಂತೆಯಿಲ್ಲ ತಾನೇ?

ಬೀಗ ಬದಲಾಯಿಸಿದರೆ ಒಳಗೆ ಕೂತಿರುವ ಕಳ್ಳ ಹೊರಗೆ ಹೋಗಲ್ಲ. ಮಾರ್ಚ್ 2021ರಲ್ಲಿ ಎಕ್ಸ್‌ಚೇಂಜ್‌ನ ತೂತುಗಳಿಂದ ನುಗ್ಗಿದವರು ವೆಬ್ ಶೆಲ್, ಅಂದರೆ ದೂರದಿಂದ ಸರ್ವರ್‌ಗೆ ಆಜ್ಞೆ ಕೊಡುವ ಕಳ್ಳ ಫೈಲುಗಳನ್ನು, ಬಿಟ್ಟು ಹೋಗಿದ್ದರು. ಪ್ಯಾಚ್ ಹಾಕಿದ ಮೇಲೂ ಅವು ಅಲ್ಲೇ ಇರುತ್ತಿದ್ದವು. ಸರ್ವರ್‌ನ ಹಳೇ ಲಾಗ್ (ಚಟುವಟಿಕೆಯ ದಾಖಲೆ) ತೆಗೆದು ಹುಡುಕಿಸಿ. ಏನಾದರೂ ಸಿಕ್ಕಿದರೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 6 ಗಂಟೆಯೊಳಗೆ ತಿಳಿಸಬೇಕು, 2022ರಿಂದ ಅದು ನಿಯಮ. ಮುಚ್ಚಿಡುವ ಸಲಹೆ ನನ್ನಿಂದ ಬರಲ್ಲ.

ಪ್ರಶ್ನೆ: 2024ರಲ್ಲಿ ಎಲ್ಲ ಕಡೆ ನೀಲಿ ಪರದೆ ಬಂದಿದ್ದು ನೋಡಿ ನಾವು ಅಪ್‌ಡೇಟ್ ನಿಲ್ಲಿಸಿದ್ದೇವೆ. ಸರಿ ತಾನೇ?

ತಪ್ಪು. ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರ ಮಲಗಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ಫೈಲಿನಿಂದ, ಮೈಕ್ರೋಸಾಫ್ಟ್‌ನ ಪ್ಯಾಚ್‌ನಿಂದ ಅಲ್ಲ. ಮೊದಲು ಹತ್ತು ಯಂತ್ರಕ್ಕೆ ಹಾಕಿ, ಒಂದು ದಿನ ನೋಡಿ, ಆಮೇಲೆ ಉಳಿದವಕ್ಕೆ ಹಾಕಿ. ಊಟದಲ್ಲಿ ಕಲ್ಲು ಸಿಕ್ಕಿತು ಅಂತ ಯಾರಾದರೂ ಅನ್ನ ಬಿಡ್ತಾರಾ?

ಪ್ರಶ್ನೆ: ನಮ್ಮದು ಸಣ್ಣ ಕಂಪನಿ, ಯಾರು ನೋಡ್ತಾರೆ?

ಇಂಟರ್‌ನೆಟ್ ಜಾಲಾಡುವ ಸ್ಕ್ರಿಪ್ಟ್ ನಿಮ್ಮ ಟರ್ನೋವರ್ ಕೇಳಲ್ಲ.

ಪ್ರಶ್ನೆ: ಒಬ್ಬ ಕನ್ಸಲ್ಟೆಂಟ್ "ಶೇಕಡಾ 100 ಹ್ಯಾಕ್ ಆಗಲ್ಲ" ಅಂತ ಸರ್ಟಿಫಿಕೇಟ್ ಕೊಡ್ತೀನಿ ಅಂತಾರೆ. ತಗೊಳ್ಳೋಣವೇ?

ಅವರಿಗೆ ಕಾಫಿ ಕುಡಿಸಿ ಕಳಿಸಿ. ಬಿಲ್ ಕಟ್ಟಬೇಡಿ.

ಪ್ರಶ್ನೆ: ಶುಕ್ರವಾರ ಸಂಜೆ ಪ್ಯಾಚ್ ಹಾಕಬಹುದಾ?

ಹಾಕಬಹುದು, ಶನಿವಾರ ನೀವು ಊರಲ್ಲಿದ್ದು ಫೋನ್ ಎತ್ತುವುದಾದರೆ.