ಎಂಜಿನಿಯರಿಂಗ್ ಕಾಲೇಜುಗಳ ಓದು, ಸಂಶೋಧನೆಯಿಂದ ಸಾಮಾನ್ಯ ಜನರಿಗೆ ಏನು ಲಾಭ?

"ಓದಿದ ಹುಡುಗರಿಗೆ ಕೆಲಸ ಸಿಗುತ್ತೆ ಸರಿ, ಉಳಿದವರಿಗೆ ಏನು ಸಿಗುತ್ತೆ?" ಅಂತ ಕೇಳಿದ್ದೀರಿ. ನಾನು ಪ್ರೊಫೆಸರ್ ಅಲ್ಲ. ಪುಣೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ, ಅಂದರೆ ನೀರಿನ ಹರಿವಿನ ಪ್ರಯೋಗಶಾಲೆಯಲ್ಲಿ, 19 ವರ್ಷದಿಂದ ಸಹಾಯಕ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ವಿ-ನಾಚ್ ಪ್ರಯೋಗ ಅಂತ ಒಂದಿದೆ. ತಗಡಿನಲ್ಲಿ 'ವಿ' ಆಕಾರದ ಕಚ್ಚು, ಅದರೊಳಗಿಂದ ನೀರು ಹರಿಯುತ್ತದೆ. ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕಿದೆ ಅಂತ ಅಳೆದರೆ, ಗಂಟೆಗೆ ಎಷ್ಟು ಲೀಟರ್ ಅನ್ನುವ ಲೆಕ್ಕ ಸಿಗುತ್ತದೆ. ಹೆಚ್ಚಿನ ಮಕ್ಕಳು ಜರ್ನಲ್ ಬರೆದು, ಸಹಿ ಹಾಕಿಸಿಕೊಂಡು ಹೋಗಿಬಿಡುತ್ತಾರೆ. ಅದು ನನಗೆ ಬೇಜಾರಿನ ಸಂಗತಿ.

ಹೋದ ವರ್ಷ ಅಕ್ಕಲಕೋಟೆ ಕಡೆಯ ಒಬ್ಬ ಹುಡುಗಿ ಮಾತ್ರ ಅಲ್ಲೇ ನಿಂತಳು. ಮನೆಮಾತು ಕನ್ನಡ. "ಕಾಕಾ, ಬೋರ್ ಹೊಡೆಯೋರು ಎರಡ್ ಇಂಚ್ ನೀರ್ ಬಿದ್ದೈತಿ ಅಂತಾರಲ್ರಿ, ಅದು ಇದೇ ಇಂಚೇನ್ರಿ?"

ಹೌದು, ಇದೇ. 90 ಡಿಗ್ರಿ ಕಚ್ಚಿನಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಹಾಗಾದರೆ 2 ಇಂಚಿಗೆ ಸಾವಿರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅಲ್ಲ, ಸುಮಾರು 2,900. ನೀರು ಏರಿದ ಹಾಗೆ ಕಚ್ಚಿನ ಅಗಲವೂ ಜಾಸ್ತಿ, ವೇಗವೂ ಜಾಸ್ತಿ. ಅರ್ಧ ಇಂಚು ತಪ್ಪಿದರೂ ರೈತನ ಲೆಕ್ಕ ತಲೆಕೆಳಗು.

ಇದೇ ಪುಣೆಯಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಓದಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. 20 ವರ್ಷದ ಮೇಲೆ, 1903ರಲ್ಲಿ, ಇಲ್ಲಿನ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರ ಗೇಟು ಬಂತು. ನೀರು ಮಟ್ಟ ಮೀರಿದರೆ ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕಟ್ಟೆ ಎತ್ತರಿಸದೆಯೇ ಜಾಸ್ತಿ ನೀರು ನಿಂತಿತು. ಅದೇ ಬಗೆಯ ಗೇಟು ಮುಂದೆ ಕೆಆರ್‌ಎಸ್‌ಗೂ ಬಂತು. ಮೈಸೂರಿನವರ ದುಡ್ಡು ಪುಣೆಯಲ್ಲಿ ಓದಾಗಿ, ಪುಣೆಗೆ ನೀರಾಗಿ, ಕಾವೇರಿಗೆ ತಿರುಗಿ ಬಂತು. 1883ರಲ್ಲೇ ಲಾಭ ತೋರಿಸಿ ಅಂದಿದ್ದರೆ ಯಾರು ತೋರಿಸುತ್ತಿದ್ದರು?

ಸಂಶೋಧನೆಗೂ ಹೀಗೇ ವರ್ಷಗಟ್ಟಲೆ ಕಾಯಬೇಕು. ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ರೂಪಿಸಿದ ರಕ್ತ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ) 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬಡವರಿಗೆ ಅದು ಇನ್ನೂ ದುಬಾರಿಯೇ. ಆದರೆ ಅಮೆರಿಕದ ಬೆಲೆಗೆ ಹೋಲಿಸಿದರೆ ಬಹಳ ಕಡಿಮೆ.

ಆ ಹುಡುಗಿ ವರ್ಕ್‌ಶಾಪಿನಲ್ಲಿ ಒಂದು ತಗಡು ಕತ್ತರಿಸಿಕೊಂಡು ಮೇ ರಜೆಗೆ ಊರಿಗೆ ಹೋದಳು. ಹಳೇ ಡ್ರಮ್ಮಿಗೆ ಅದನ್ನು ಕೂರಿಸಿ, ಬೋರಿನ ನೀರು ಬಿಟ್ಟು, ಶಾಲೆಯ ಸ್ಕೇಲಿನಲ್ಲಿ ಅಳೆದು ಫೋಟೋ ಕಳಿಸಿದಳು. ಬೋರ್ ಹೊಡೆದವರು 2 ಇಂಚು ಅಂದಿದ್ದರು. ಸಿಕ್ಕಿದ್ದು ಒಂದೂವರೆ, ಅಂದರೆ ಗಂಟೆಗೆ ಸುಮಾರು 1,400 ಲೀಟರ್. ಅರ್ಧಕ್ಕರ್ಧ ಕಡಿಮೆ! ಅವರಪ್ಪ ಸಾಲ ಮಾಡಿ ಕಬ್ಬು ಹಾಕುವವರಿದ್ದರು. ಅದನ್ನು ಬಿಟ್ಟು ಆ ಮುಂಗಾರಿಗೆ ತೊಗರಿ ಬಿತ್ತಿದರು.