ಯಾವ ಪಕ್ಷ ನಮ್ಮದು ಎಂದು ಕೇಳಿದ ಮಾನ್ವಿಯ ತಮ್ಮನಿಗೆ

ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಕಂಪನಿ ನಿನ್ನನ್ನು ಎಲ್-1 ವೀಸಾ (ಅದೇ ಕಂಪನಿಯ ಅಲ್ಲಿನ ಕಚೇರಿಗೆ ಹೋಗುವವರ ವೀಸಾ) ಮೇಲೆ ಅಮೆರಿಕದ ಡೆಟ್ರಾಯಿಟ್ ಕಡೆ ಕಳಿಸುತ್ತಿದೆ. ಮಾನ್ವಿಯ ಮನೆಯಲ್ಲಿ ಎಲ್ಲರಿಗೂ ಖುಷಿ, ನಿನಗೆ ಮಾತ್ರ ಒಳಗೊಳಗೇ ಅಂಜಿಕೆ. "ಅಕ್ಕಾ, ಮಾಂದ್ಯ ಬಂದರೆ ಅಲ್ಲಿ ಸರ್ಕಾರ ಕೆಲಸ ಹುಟ್ಟಿಸುತ್ತಾ? ಅದಕ್ಕೇ ಪಕ್ಷಗಳು ಕಿತ್ತಾಡುತ್ತವಂತೆ. ನಮ್ಮಂಥವರಿಗೆ ಯಾವ ಪಕ್ಷ ಒಳ್ಳೆಯದು?" ಎಂದು ಕೇಳಿದ್ದೀಯ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕೆಲಸ ಕಡಿಮೆ ಆದಾಗ ವೀಸಾದವರ ಪರ ನಿಲ್ಲುವ ಪಕ್ಷ ಇಲ್ಲಿ ಇಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಯಾಕೆ ಹಾಗೆ ಎಂದು ಅರ್ಥ ಮಾಡಿಕೊಂಡು ಬಂದರೆ ನಿನಗೆ ಕಷ್ಟ ಕಡಿಮೆ.

ನಾನು ಮಸ್ಕಿಯವಳು. 2007ರಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದೆ. ಈಗಲೂ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಎಂಬ ಊರಿನಲ್ಲಿದ್ದೇನೆ. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸವಿತ್ತು. ಎರಡು ವರ್ಷ ಆಗುವುದರೊಳಗೆ ಎಲ್ಲ ಕುಸಿಯಿತು. 2009ರಲ್ಲಿ ಇಡೀ ದೇಶದಲ್ಲಿ ನಿರುದ್ಯೋಗ ಅತಿ ಜಾಸ್ತಿ ಇದ್ದ ರಾಜ್ಯ ಮಿಷಿಗನ್. ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟರ್ಸ್ ದಿವಾಳಿ ಕೋರ್ಟಿಗೆ ಹೋದವು. ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಹೋದವರ ಅಂಗಳದಲ್ಲಿ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು.

ಆ ವರ್ಷದ ಫೆಬ್ರವರಿ 17ರಂದು ಡೆಮಾಕ್ರಟ್ ಪಕ್ಷದ ಅಧ್ಯಕ್ಷ ಒಬಾಮಾ 787 ಶತಕೋಟಿ ಡಾಲರಿನ ಕಾನೂನಿಗೆ ಸಹಿ ಹಾಕಿದ್ದರು. ರಸ್ತೆ, ಸೇತುವೆ, ರಾಜ್ಯಗಳಿಗೆ ಹಣ, ಶಾಲೆಯ ಮೇಷ್ಟ್ರುಗಳ ಸಂಬಳ, ನಿರುದ್ಯೋಗ ಭತ್ಯೆ, ತೆರಿಗೆ ಕಡಿತ, ಎಲ್ಲ ಅದರಲ್ಲಿತ್ತು. ಕೆಳಮನೆಯಲ್ಲಿ ಎದುರು ಪಕ್ಷವಾದ ರಿಪಬ್ಲಿಕನ್ನರ ಒಬ್ಬ ಸದಸ್ಯನೂ ಅದಕ್ಕೆ ಓಟು ಹಾಕಲಿಲ್ಲ. ಮೇಲ್ಮನೆಯಾದ ಸೆನೆಟ್‌ನಲ್ಲಿ ಅವರ ಮೂವರು ಮಾತ್ರ ಹಾಕಿದರು.

ಜಗಳ ಏನು ಗೊತ್ತಾ? ಜನ ಖರ್ಚು ನಿಲ್ಲಿಸಿದಾಗ ಸರ್ಕಾರವಾದರೂ ಖರ್ಚು ಮಾಡಬೇಕು ಎಂದು ಒಂದು ಕಡೆಯವರು. ನಮ್ಮ ಸಂತೆಯನ್ನು ನೆನೆಸಿಕೋ. ಕೂಲಿ ಬಟವಾಡೆ ಆದ ವಾರ ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಮಿರ್ಚಿ ಬಂಡಿ ಎಲ್ಲ ಕಡೆ ದುಡ್ಡು ಓಡಾಡುತ್ತದೆ. ಅದೇ ಲೆಕ್ಕ. ಇನ್ನೊಂದು ಕಡೆಯವರು, ಇದು ಸಾಲದ ಹಣ, ನಾಳೆ ನಮ್ಮ ಮಕ್ಕಳೇ ತೀರಿಸಬೇಕು, ಸರ್ಕಾರ ಆರಿಸುವ ಕೆಲಸ ಬೇಕಾದ ಕೆಲಸವೇ ಆಗಿರುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಯೋಜನೆ ಬಂದರೆ ನಿರುದ್ಯೋಗ ನೂರಕ್ಕೆ 8 ದಾಟುವುದಿಲ್ಲ ಎಂದು ಒಬಾಮಾ ಅವರ ಅರ್ಥಶಾಸ್ತ್ರಜ್ಞರು ಆ ಜನವರಿಯಲ್ಲೇ ಲೆಕ್ಕ ಕೊಟ್ಟಿದ್ದರು. ಅಕ್ಟೋಬರ್‌ಗೆ ಅದು 10 ಮುಟ್ಟಿತು. ವಿರೋಧಿಗಳು ಆ ಪಟ್ಟಿಯನ್ನು ವರ್ಷಗಟ್ಟಲೆ ಹಿಡಿದು ತೋರಿಸಿದರು. ಪರವಾಗಿದ್ದವರು, ಕುಸಿತ ಎಷ್ಟು ಆಳ ಎಂದು ಆಗ ಯಾರಿಗೂ ತಿಳಿದಿರಲಿಲ್ಲ, ಹಣ ಕೊಡದಿದ್ದರೆ ಇನ್ನೂ ಕೆಡುತ್ತಿತ್ತು ಎಂದರು. ನಾನು ಈ ಎರಡನೆಯ ಮಾತನ್ನು ನಂಬುತ್ತೇನೆ. ನಮ್ಮ ಹತ್ತಿರದ ಹೆದ್ದಾರಿಯಲ್ಲಿ ಆ ಬೇಸಿಗೆ ಕೆಲಸ ನಡೆದದ್ದನ್ನೂ, ಅಲ್ಲಿ ದುಡಿದವರು ಮಧ್ಯಾಹ್ನ ಮುಚ್ಚುವ ಹಂತದಲ್ಲಿದ್ದ ಹೋಟೆಲಿಗೆ ಊಟಕ್ಕೆ ಬರುತ್ತಿದ್ದದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ನಿನಗೆ ಇದು ಹೊಸದಲ್ಲ, ಅಲ್ವಾ? ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ, 2006ರ ಫೆಬ್ರವರಿಯಲ್ಲಿ ಬಂದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಆಗ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ. ನಾನು ಇಲ್ಲಿಂದ ಫೋನ್ ಮಾಡಿದಾಗ ಅಪ್ಪ ಹೇಳುತ್ತಿದ್ದರು: "ಕಳೆ ತೆಗೆಯಾಕ ಆಳು ಸಿಗವಲ್ರು, ಎಲ್ಲಾರೂ ಕೆರಿ ಹೂಳು ಎತ್ತಾಕ ಹೋಗ್ಯಾರ." ಅದೇ ಓಣಿಯ ಒಬ್ಬ ಅಜ್ಜಿ ಫೋನ್ ಇಸಿದುಕೊಂಡು, "ಈ ಸಲ ಬ್ಯಾಸಗಿಗೆ ಗುಳೆ ಹೋಗಲಿಲ್ಲವ್ವಾ, ಮೊಮ್ಮಕ್ಕಳು ಸಾಲಿ ಬಿಡಲಿಲ್ಲ" ಎಂದಿದ್ದಳು. ಅಪ್ಪನ ಸಂಕಟವೂ ನಿಜ, ಅಜ್ಜಿಯ ನೆಮ್ಮದಿಯೂ ನಿಜ. ಬೆಂಗಳೂರಿನ ಕಟ್ಟಡಗಳ ಪಕ್ಕ ತಗಡಿನ ಶೆಡ್ಡಿನಲ್ಲಿ ಬೆಳೆದ ನಮ್ಮ ಕಡೆಯ ಮಕ್ಕಳನ್ನು ನೋಡಿದವರು ಆ 100 ದಿನವನ್ನು ಬರೀ ದಂಡ ಎನ್ನಲಾರರು.

ಪಕ್ಷಗಳ ಮಾತು ಅವು ಎಲ್ಲಿ ಕೂತಿವೆ ಎಂಬುದರ ಮೇಲೆ ಬದಲಾಗುತ್ತದೆ. ಅದನ್ನೂ ನೋಡಿದೆ. ಮನರೇಗಾ (ಅದೇ ಉದ್ಯೋಗ ಖಾತ್ರಿ) ಎಂದರೆ ಕಾಂಗ್ರೆಸ್ ಸೋಲಿನ ಜೀವಂತ ಸ್ಮಾರಕ ಎಂದು 2015ರಲ್ಲಿ ಸಂಸತ್ತಿನಲ್ಲಿ ಹೇಳಿದ ಪ್ರಧಾನಿಯ ಸರ್ಕಾರವೇ 2020ರಲ್ಲಿ, ಕೊರೊನಾ ಕಾಲದಲ್ಲಿ, ಅದಕ್ಕೆ 40,000 ಕೋಟಿ ರೂಪಾಯಿ ಜಾಸ್ತಿ ಕೊಟ್ಟಿತು. ಇಲ್ಲಿ 2009ರಲ್ಲಿ ಸಾಲ, ಸಾಲ ಎಂದು ಕೂಗಿದ ರಿಪಬ್ಲಿಕನ್ ಪಕ್ಷದಿಂದ ಬಂದ ದೇಶದ ಅಧ್ಯಕ್ಷ ಟ್ರಂಪ್ ಅವರೇ 2020ರ ಮಾರ್ಚ್‌ನಲ್ಲಿ 2 ಲಕ್ಷ ಕೋಟಿ ಡಾಲರ್ ದಾಟಿದ ಕಾನೂನಿಗೆ ಸಹಿ ಹಾಕಿದರು. ಹಸಿವು ಬಾಗಿಲಿಗೆ ಬಂದಾಗ ಕೊಟ್ಟರಲ್ಲ, ಅಷ್ಟರ ಮಟ್ಟಿಗೆ ನನಗೆ ಸಮಾಧಾನ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಯಾವುದರಲ್ಲೂ ಒಂದಾಗದ ಜನ ಒಂದು ಮಾತಿನಲ್ಲಿ ಒಂದಾಗುತ್ತಾರೆ: ಹೊರಗಿನವರು ಆಮೇಲೆ. 2009ರ ಆ ಕಾನೂನಿನೊಳಗೇ ಒಂದು ಸಾಲು ಇತ್ತು. ಸರ್ಕಾರದ ಹಣದಿಂದ ಉಳಿದುಕೊಂಡ ಬ್ಯಾಂಕುಗಳು ಎಚ್-1ಬಿಯವರನ್ನು ಹೊಸದಾಗಿ ತೆಗೆದುಕೊಳ್ಳಬೇಕಾದರೆ, ಇಲ್ಲಿಯವರನ್ನು ತೆಗೆದು ಆ ಜಾಗಕ್ಕೆ ತರುತ್ತಿಲ್ಲ ಎಂದು ಬರೆದುಕೊಡಬೇಕಿತ್ತು. ಅದನ್ನು ತಂದವರು ಸೆನೆಟ್ ಸದಸ್ಯರಾದ ಎಡಪಂಥದ ಬರ್ನಿ ಸ್ಯಾಂಡರ್ಸ್ ಮತ್ತು ರಿಪಬ್ಲಿಕನ್ ಚಕ್ ಗ್ರಾಸ್ಲಿ, ಇಬ್ಬರೂ ಸೇರಿ. ಆ ಮೇ ತಿಂಗಳಲ್ಲಿ ಒಬಾಮಾ, ಇಲ್ಲಿಯ ಬಫಲೋ ಊರಿನಲ್ಲಿ ಕೆಲಸ ಕೊಟ್ಟರೆ ಜಾಸ್ತಿ ತೆರಿಗೆ, ಬೆಂಗಳೂರಿನಲ್ಲಿ ಕೊಟ್ಟರೆ ಕಡಿಮೆ, ಇದು ಸರಿಯಲ್ಲ ಎಂದರು. 2010ರ ಆಗಸ್ಟ್‌ನಲ್ಲಿ ಡೆಮಾಕ್ರಟ್ ಚಕ್ ಶೂಮರ್ ಮುಂದೆ ನಿಂತು ತಂದ ಕಾನೂನು, ಅರ್ಧಕ್ಕಿಂತ ಜಾಸ್ತಿ ಜನ ಈ ವೀಸಾಗಳಲ್ಲೇ ಇರುವ ಕಂಪನಿಗಳಿಗೆ ಎಚ್-1ಬಿಗೆ 2,000, ನಿನ್ನ ಎಲ್-1ಕ್ಕೆ 2,250 ಡಾಲರ್ ಹೆಚ್ಚುವರಿ ಶುಲ್ಕ ಹಾಕಿತು. 2020ರ ಜೂನ್‌ನಲ್ಲಿ ಟ್ರಂಪ್, ನಿರುದ್ಯೋಗದ ಕಾರಣ ಕೊಟ್ಟು, ಹೊರಗಿನಿಂದ ಹೊಸದಾಗಿ ಎಚ್-1ಬಿ, ಎಲ್-1 ಮೇಲೆ ಬರುವವರನ್ನು ವರ್ಷದ ಕೊನೆಯವರೆಗೆ ತಡೆದರು. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂದರು. ಇಷ್ಟರಲ್ಲಿ ಯಾವ ಪಕ್ಷವನ್ನು ನಿನ್ನದು ಎನ್ನುತ್ತೀಯ?

2009ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಮನೆಯವರ ಜೊತೆ ಇದೇ ಮಾತು ಬಂತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ದುಡಿದು ಕೆಲಸ ಕಳೆದುಕೊಂಡವರು. ಒಬಾಮಾ ಹಣ ದಂಡ ಎನ್ನುತ್ತಿದ್ದರು. ಕಾರು ಕಂಪನಿಗಳನ್ನು ಮಾತ್ರ ಸರ್ಕಾರ ಉಳಿಸಲೇಬೇಕು ಎನ್ನುತ್ತಿದ್ದರು. ಒಂದು ಸಂಜೆ ಬೇಲಿ ಹತ್ತಿರ ನಿಂತು ಹೇಳಿದರು: "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ತೆರಿಗೆಯಿಂದ ಉಳಿದ ಕಂಪನಿ ಮೊದಲು ನಮ್ಮವರಿಗೆ ಕೆಲಸ ಕೊಡಬೇಕಲ್ಲವೇ?"

ನನಗೆ ಉತ್ತರ ಬರಲಿಲ್ಲ. ಯಾಕೆಂದರೆ ಆ ಮಾತು ನಾನು ಊರಲ್ಲಿ ಕೇಳಿ ಬೆಳೆದ ಮಾತು. ಭೂಮಿ ನಮ್ಮದು, ನೀರು ನಮ್ಮದು, ಹೊಗೆ ನಮಗೆ, ಕೆಲಸ ಮಾತ್ರ ಬೇರೆಯವರಿಗೆ ಎಂದು ನಮ್ಮ ಮಾವ ಎಷ್ಟು ಸಭೆಗಳಲ್ಲಿ ಹೇಳಿಲ್ಲ! ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ಕೆಲಸ, ಓದಿನಲ್ಲಿ ಮೀಸಲು ಕೊಡಲು ದಾರಿ ಮಾಡುವ ಸಂವಿಧಾನದ 371(ಜೆ) ವಿಧಿಗಾಗಿ ಬಂದ್ ಆದಾಗಲೆಲ್ಲ ಅವರು ಅಂಗಡಿ ಮುಚ್ಚುತ್ತಿದ್ದರು. ಅದು 2012ರಲ್ಲಿ 98ನೇ ತಿದ್ದುಪಡಿಯಾಗಿ ಸಂಸತ್ತಿನಲ್ಲಿ ಪಾಸಾದಾಗ ನಾನೂ ಇಲ್ಲಿ ಕೂತು ಅತ್ತುಬಿಟ್ಟೆ. 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಗದ್ದಲವಾದ ಮೇಲೆ ತಡೆಹಿಡಿದಾಗ, ನಮ್ಮ ಮನೆಯ ಫೋನಿನಲ್ಲೂ ಎರಡು ಗುಂಪಾಗಿತ್ತು. ಊರಲ್ಲಿ ನಾವು ಕೇಳುವ ಹಕ್ಕನ್ನು ಇಲ್ಲಿಯವರು ಕೇಳಿದರೆ ಅದನ್ನು ದ್ವೇಷ ಎಂದು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ದ್ವೇಷವೂ ಇದೆ, ನೋಡಿದ್ದೇನೆ. ಎರಡಕ್ಕೂ ವ್ಯತ್ಯಾಸ ನಿನಗೆ ಬೇಗ ತಿಳಿಯುತ್ತದೆ.

2009ರ ಏಪ್ರಿಲ್‌ನಲ್ಲಿ ನನ್ನ ಕೆಲಸವೂ ಹೋಯಿತು. ಕೆಲಸ ಹೋದ ಮೇಲೆ ಇಲ್ಲಿ ಉಳಿದು ಬೇರೆ ಕೆಲಸ ಹುಡುಕಲು ಆಗ ಕಾನೂನಿನಲ್ಲಿ ಒಂದು ದಿನದ ಬಿಡುವೂ ಇರಲಿಲ್ಲ. ಕಂಪನಿಯವರು ಎರಡು ವಾರ ಸಂಬಳದ ಮೇಲೆ ಇಟ್ಟುಕೊಂಡರು, ಅಷ್ಟೇ. ನನ್ನ ಗಂಡ ಎಚ್-4 ಎಂಬ ಅವಲಂಬಿತರ ವೀಸಾ ಮೇಲಿದ್ದರು, ದುಡಿಯುವಂತಿರಲಿಲ್ಲ. ಮಗಳು ಕೈಗೂಸು. ಮೇಲಿನ ಕೋಣೆಯಲ್ಲಿ ಎರಡು ಸೂಟ್‌ಕೇಸ್ ತೆರೆದೇ ಇದ್ದವು, ದಿನಾ ಸ್ವಲ್ಪ ತುಂಬುವುದು, ರಾತ್ರಿ ಮತ್ತೆ ತೆಗೆಯುವುದು. ಟೊಲೆಡೊದಲ್ಲಿ ಒಂದು ಸಣ್ಣ ಕಂಪನಿ ಜನ ಹುಡುಕುತ್ತಿದೆ ಎಂದು ಚೀಟಿಯಲ್ಲಿ ಬರೆದು ತಂದುಕೊಟ್ಟವರು ಅದೇ ಪಕ್ಕದ ಮನೆಯವರು. ಅವರ ಅಭಿಪ್ರಾಯ ಬದಲಾಗಿರಲಿಲ್ಲ. ಹನ್ನೆರಡನೇ ದಿನ ಆ ಕಂಪನಿ ನನ್ನ ಅರ್ಜಿ ಹಾಕಿತು. ಸಂಬಳ ಮೊದಲಿಗಿಂತ ಕಡಿಮೆ, ಬೇರೆ ರಾಜ್ಯ, ದಿನಾ ಒಂದು ಗಂಟೆ ದಾರಿ. ಏಳು ವರ್ಷ ಓಡಾಡಿದೆ.

ಅದಕ್ಕೇ ನಿನಗೆ ಹೇಳುವುದು. ನಿರುದ್ಯೋಗ ಭತ್ಯೆ ಎಷ್ಟು ವಾರ ಎಂಬ ಜಗಳ ಇಲ್ಲಿ ಮುಗಿಯುವುದಿಲ್ಲ. ಆಗ ಒಟ್ಟು 99 ವಾರದವರೆಗೂ ಹೋಗಿತ್ತು, 2011ರಲ್ಲಿ ಮಿಷಿಗನ್ ತನ್ನ ಪಾಲಿನ 26 ವಾರವನ್ನು 20ಕ್ಕೆ ಇಳಿಸಿತು. ಆ ಚರ್ಚೆ ಎಷ್ಟೇ ಜೋರಾಗಿರಲಿ, ವೀಸಾದವರಿಗೆ ಸಾಮಾನ್ಯವಾಗಿ ಆ ಭತ್ಯೆ ಸಿಗುವುದಿಲ್ಲ. ಕೆಲಸ ಹೋದೊಡನೆ ದುಡಿಯುವ ಅನುಮತಿಯೂ ಹೋಗುತ್ತದೆ. 2017ರಿಂದ ಹೆಚ್ಚೆಂದರೆ 60 ದಿನದ ಬಿಡುವು ಇದೆ. ಎಲ್-1 ಮೇಲೆ ಬಂದವನು ಅದೇ ವೀಸಾ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಲು ಬರುವುದಿಲ್ಲ. ಆದ್ದರಿಂದ ಮೊದಲ ವರ್ಷ ದೊಡ್ಡ ಕಾರು ಬೇಡ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂತ ಮೇಲೆ ಉಳಿದದ್ದು. ಊರಿನ ಸಾಲವನ್ನೂ ಅಪ್ಪನ ಹೆಸರಿಗೆ ಬಿಟ್ಟು ಬರಬೇಡ.

ಆಫೀಸಿನ ಊಟದ ಮೇಜಿನಲ್ಲಿ ಈ ಮಾತು ಬಂದೇ ಬರುತ್ತದೆ. ಮೊದಲ ಆರು ತಿಂಗಳು ಕೇಳು. ಎದುರಿಗೆ ಕೂತವನ ತಮ್ಮನೋ ಹೆಂಡತಿಯೋ ಕೆಲಸ ಕಳೆದುಕೊಂಡಿರಬಹುದು. ಆಮೇಲೆ ನಿನಗೆ ಅನ್ನಿಸಿದ್ದನ್ನು ಧೈರ್ಯವಾಗಿ ಹೇಳು. ಗುಳೆ ಹೋಗುವ ಊರಿನಿಂದ ಬಂದವನು ನೀನು, ಹೇಳಲು ನಿನ್ನ ಹತ್ತಿರ ಮಾತಿದೆ.

ನನ್ನ ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲೇ ಇದೆ. ಇಲ್ಲಿ ಹುಟ್ಟಿದ ಮಗಳು ಈಗ ಓಟು ಹಾಕುವ ವಯಸ್ಸಿಗೆ ಬಂದಿದ್ದಾಳೆ. ಯಾರಿಗೆ ಹಾಕಲಿ ಎಂದು ನನ್ನನ್ನು ಕೇಳುತ್ತಾಳೆ, ನಾನು ಆ ಬೇಲಿಯ ಹತ್ತಿರದ ಕಥೆ ಹೇಳುತ್ತೇನೆ.

ಬರುವಾಗ ಬೇಳೆ, ಖಾರದಪುಡಿ ಹೊರಬೇಡ, ಎಲ್ಲ ಸಿಗುತ್ತದೆ. ಅನುಭವ ಪತ್ರ, ಸಂಬಳದ ಚೀಟಿ, ಡಿಗ್ರಿಯ ಮೂಲಪ್ರತಿ ಕೈಚೀಲದಲ್ಲಿ ಇಟ್ಟುಕೋ. ಬಂದ ಮೊದಲ ಭಾನುವಾರ ಊಟ ನಮ್ಮ ಮನೆಯಲ್ಲಿ. ಜೋಳದ ರೊಟ್ಟಿ ತಟ್ಟಿರುತ್ತೇನೆ.