ಸಂಪಾದಕರ ಉತ್ತರ: ತಲೆಗೇರುವುದೋ, ಅಟ್ಟಕ್ಕೇರುವುದೋ

ಹುಬ್ಬಳ್ಳಿಯಿಂದ ಬಂದಿರುವ ಎರಡು ಪುಟಗಳ ಪತ್ರದ ಸಾರವನ್ನು ಇತರ ಓದುಗರ ಅನುಕೂಲಕ್ಕಾಗಿ ಮೊದಲು ಹೇಳಿಬಿಡುತ್ತೇನೆ. ಪತ್ರ ಬರೆದವರು ಬ್ಯಾಂಕ್ ಉದ್ಯೋಗಿ. ಅವರ ಮನೆಯಲ್ಲಿ ಎರಡು ವರ್ಷಗಳಿಂದ ಪ್ಲೇಸ್ಟೇಷನ್ 5, ಅಂದರೆ ಟೀವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಆಟದ ಯಂತ್ರ (ಕನ್ಸೋಲ್), ಇದೆ. ಎಂಜಿನಿಯರಿಂಗ್ ಓದುತ್ತಿರುವ ಮಗ ಈಗ ಅದಕ್ಕೆ ಜೋಡಿಸಿ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಬೇಕೆಂದು ಹಟ ಹಿಡಿದಿದ್ದಾನೆ. ಅವರು ಕೇಳುತ್ತಾರೆ: “ಹಿಂದೊಮ್ಮೆ ನಮ್ಮ ಮನೆಯವರು ತ್ರೀಡಿ ಟೀವಿ ತಂದಿದ್ದರು. ಅದರ ನಾಲ್ಕು ಕನ್ನಡಕಗಳು ಇಂದಿಗೂ ಅಟ್ಟದ ಮೇಲಿನ ಡಬ್ಬಿಯಲ್ಲಿವೆ. ಕನ್ಸೋಲ್‌ಗೆ ಕೊಟ್ಟಷ್ಟೇ ದುಡ್ಡು ಸುರಿದು ತರುವ ಈ ವಸ್ತುವೂ ಆರು ತಿಂಗಳಿಗೆ ಅದೇ ಅಟ್ಟ ಸೇರುವುದಾದರೆ ಈಗಲೇ ಹೇಳಿಬಿಡಿ. ಇನ್ನೊಂದು ಮಾತು. ಈ ಹೆಡ್‌ಸೆಟ್ ಬಂದ ಹೊಸತರಲ್ಲಿ ನಿಮ್ಮ ಪತ್ರಿಕೆಯೇ ಅದನ್ನು ಹಾಡಿ ಹೊಗಳಿತ್ತು. ಆಮೇಲೆ ಒಂದು ಸಾಲೂ ಬರಲಿಲ್ಲ. ಯಾಕೆ?”

ಮಾನ್ಯರೆ,

ನಿಮ್ಮ ಎರಡನೆಯ ಪ್ರಶ್ನೆ ಚುಚ್ಚುವಂಥದ್ದು, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ನಾವು ಹೊಗಳಿದ್ದು ನಿಜ. ಆ ಹೊಗಳಿಕೆ ಹೆಡ್‌ಸೆಟ್ ಕೈಗೆ ಬಂದ ಮೊದಲ ವಾರದ್ದು, ಮತ್ತು ಮೊದಲ ವಾರದಲ್ಲಿ ಈ ಸಾಧನಕ್ಕೆ ಬೆರಗಾಗದೆ ಉಳಿಯುವವರು ಕಡಿಮೆ. ಆರನೆಯ ತಿಂಗಳಲ್ಲಿ ಅದು ಎಲ್ಲಿತ್ತು ಎಂಬುದನ್ನೂ ನಾವು ಬರೆಯಬೇಕಿತ್ತು, ಬರೆಯಲಿಲ್ಲ. ಅದು ನಮ್ಮ ಕಚೇರಿಯ ಕಪಾಟಿನಲ್ಲಿತ್ತು. ಆದರೆ ಅದನ್ನು ಕಪಾಟಿಗೆ ಸೇರಿಸಿದ ಕಾರಣಗಳೂ ನಿಮ್ಮ ಮನೆಯ ಕನ್ನಡಕಗಳನ್ನು ಅಟ್ಟಕ್ಕೆ ಸೇರಿಸಿದ ಕಾರಣಗಳೂ ಬೇರೆ ಬೇರೆ, ಮತ್ತು ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ.

ತ್ರೀಡಿ ಟೀವಿ ತೋರಿಸುತ್ತಿದ್ದುದು ಅದೇ ಸಿನಿಮಾ, ಅದೇ ಚೌಕಟ್ಟು, ಒಂದಿಷ್ಟು ಆಳ ಹೆಚ್ಚು. ಅಷ್ಟಕ್ಕಾಗಿ ಮನೆಮಂದಿಯೆಲ್ಲ ಕನ್ನಡಕ ಹಾಕಿಕೊಂಡು ಕೂರಬೇಕಿತ್ತು. ಸ್ಯಾಮ್‌ಸಂಗ್ 2016ರಲ್ಲಿ, ಎಲ್‌ಜಿ ಮತ್ತು ಸೋನಿ 2017ರಲ್ಲಿ ಅದನ್ನು ಕೈಬಿಟ್ಟಾಗ ಯಾರೂ ಅಳಲಿಲ್ಲ. ವಿಆರ್‌ನಲ್ಲಿ ಚೌಕಟ್ಟೇ ಇರುವುದಿಲ್ಲ. ತಲೆ ಎತ್ತ ತಿರುಗಿದರೂ ಅತ್ತ ಆಟದ ಲೋಕವೇ ಇರುತ್ತದೆ, ಮತ್ತು ಕೆಲವು ಬಗೆಯ ಆಟಗಳಲ್ಲಿ ಇದರಿಂದ ಆಡುವ ರೀತಿಯೇ ಬದಲಾಗುತ್ತದೆ.

ಗ್ರ್ಯಾನ್ ಟುರಿಸ್ಮೊ 7 ಎಂಬ ಕಾರ್ ರೇಸಿನ ಆಟ ನಿಮ್ಮ ಮಗನ ಬಳಿ ಇರಬಹುದು. 2022ರ ಮಾರ್ಚಿನಲ್ಲಿ ಅದು ಮಾಮೂಲಿ ಟೀವಿ ಆಟವಾಗಿ ಬಂದಿತು. 2023ರ ಫೆಬ್ರವರಿ 22ರಂದು ನಿಮ್ಮ ಮಗ ಕೇಳುತ್ತಿರುವ ಹೆಡ್‌ಸೆಟ್, ಅಂದರೆ ಪ್ಲೇಸ್ಟೇಷನ್ ವಿಆರ್2, ಬಿಡುಗಡೆಯಾದ ದಿನವೇ, ಆ ಆಟವನ್ನು ಮೊದಲೇ ಕೊಂಡಿದ್ದವರಿಗೂ ವಿಆರ್ ಸೌಲಭ್ಯ ಉಚಿತವಾಗಿ ದೊರೆಯಿತು. ಟೀವಿಯಲ್ಲಿ ಆಡುವಾಗ ಕಾರಿನ ಮೂತಿ ಎತ್ತಲೋ ನಮ್ಮ ನೋಟವೂ ಅತ್ತಲೇ. ಹೆಡ್‌ಸೆಟ್ ಹಾಕಿಕೊಂಡರೆ ಕಾರು ತಿರುಗುವ ಮೊದಲೇ ಕತ್ತು ತಿರುವಿನ ಕೊನೆಯತ್ತ ತಾನಾಗಿ ಹೊರಳುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಡ್ರೈವರ್ ಮಾಡುವುದೂ ಇದನ್ನೇ. ಪಕ್ಕದ ಕಿಟಕಿಯ ಬಳಿಗೆ ಇನ್ನೊಂದು ಕಾರು ನುಗ್ಗಿ ಬಂದದ್ದು ಓರೆಗಣ್ಣಿಗೇ ತಿಳಿಯುತ್ತದೆ. ಟೀವಿಯಲ್ಲಿ ಬರಿಯ ಬೂದು ಪಟ್ಟಿಯಂತೆ ಕಾಣುತ್ತಿದ್ದ ರಸ್ತೆಯ ಇಳಿಜಾರು ಇಲ್ಲಿ ಹೊಟ್ಟೆಗೇ ಗೊತ್ತಾಗುತ್ತದೆ. ಮೊದಲ ದಿನ ನಾನು ರೇಸನ್ನೇ ಮರೆತು, ನಿಂತ ಕಾರಿನೊಳಗೆ ಕುಳಿತು, ಪಕ್ಕದ ಸೀಟಿನ ಹೊಲಿಗೆಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದೆ. ವಿಆರ್ ಬರೀ ಬುರುಡೆ ಎನ್ನುವವರ ಗುಂಪಿಗೆ ನಾನು ಸೇರದಿರಲು ಈ ಒಂದು ಆಟವೇ ಸಾಕು.

ಇನ್ನು ಮರುವಾರದ ಕತೆ. ಅದೇ ಹೆಡ್‌ಸೆಟ್‌ನಲ್ಲಿ, ಕಾಡಿನೊಳಗೆ ನಡೆಯುತ್ತಾ ಸಾಗುವ ಒಂದು ಆಟಕ್ಕೆ ಕೈಹಾಕಿದೆ. ಹೆಬ್ಬೆರಳಿನಿಂದ ಕಂಟ್ರೋಲರ್‌ನ ಕಡ್ಡಿಯನ್ನು ಮುಂದಕ್ಕೆ ಒತ್ತಿದರೆ ಆಟದಲ್ಲಿ ಮುಂದೆ ನಡೆಯುತ್ತೇವೆ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಹಣೆಯ ಮೇಲೆ ತಣ್ಣನೆಯ ಬೆವರು, ಬಾಯಲ್ಲಿ ನೀರು. ಹೆಡ್‌ಸೆಟ್ ಕಿತ್ತಿಟ್ಟು, ಸೋಫಾಕ್ಕೆ ಒರಗಿ, ನಿಂಬೆಹಣ್ಣು ಮೂಸುತ್ತಾ ಕುಳಿತವನು ಸುಧಾರಿಸಿಕೊಳ್ಳಲು ಒಂದು ಗಂಟೆ ಬೇಕಾಯಿತು. ಘಾಟಿ ಬಸ್ಸಿನಲ್ಲಿ ಹೊಟ್ಟೆ ತೊಳಸುವುದಕ್ಕೂ ಇದಕ್ಕೂ ಮೂಲ ಒಂದೇ, ಪಾತ್ರಗಳು ಮಾತ್ರ ಅದಲುಬದಲು. ಬಸ್ಸಿನಲ್ಲಿ ಕಿವಿಯೊಳಗಿನ ಸಮತೋಲನದ ಅಂಗ ‘ಚಲಿಸುತ್ತಿದ್ದೇವೆ’ ಎಂದರೆ, ಮುಂದಿನ ಸೀಟನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ವಿಆರ್‌ನಲ್ಲಿ ಕಣ್ಣು ‘ನಡೆಯುತ್ತಿದ್ದೇವೆ’ ಎಂದರೆ ಕಿವಿ ‘ಕೂತಲ್ಲೇ ಕೂತಿದ್ದೇವೆ’ ಎನ್ನುತ್ತದೆ. ಕಾರಿನ ಆಟದಲ್ಲಿ ಈ ಜಗಳ ಅಷ್ಟಾಗಿ ಕಾಡದಿರುವುದಕ್ಕೆ ಕಾರಣವಿದೆ: ಆಟದೊಳಗೂ ಕುಳಿತಿರುತ್ತೇವೆ, ಮನೆಯಲ್ಲೂ ಕುಳಿತಿರುತ್ತೇವೆ, ಎದುರಿಗಿನ ಡ್ಯಾಶ್‌ಬೋರ್ಡ್ ಕದಲದೆ ಕಣ್ಣಿಗೊಂದು ಆಧಾರವಾಗಿರುತ್ತದೆ. ಎಲ್ಲರಿಗೂ ನನ್ನ ಹಾಗೆ ಆಗುವುದಿಲ್ಲ. ದಿನಕ್ಕೆ ಹತ್ತು ನಿಮಿಷದಂತೆ ಅಭ್ಯಾಸ ಮಾಡಿ ಪಳಗಿದವರಿದ್ದಾರೆ, ಎಷ್ಟು ಮಾಡಿದರೂ ಪಳಗದವರೂ ಇದ್ದಾರೆ. ನಿಮ್ಮ ಮಗ ಯಾವ ಪೈಕಿ ಎಂಬುದನ್ನು ಪೆಟ್ಟಿಗೆ ಒಡೆಯದೆ ತಿಳಿಯಲು ದಾರಿಯಿಲ್ಲ.

ಯಂತ್ರದ ಕಡೆಯಿಂದ ಈ ಸಂಕಟವನ್ನು ತಗ್ಗಿಸಬೇಕಾದರೆ, ತಲೆ ತಿರುಗಿದ ಕ್ಷಣವೇ ಚಿತ್ರವೂ ತಿರುಗಬೇಕು. ಟೀವಿಯ ಆಟಕ್ಕೆ ಸೆಕೆಂಡಿಗೆ 30 ಅಥವಾ 60 ಚಿತ್ರಗಳು ಸಾಕು. ಈ ಹೆಡ್‌ಸೆಟ್‌ನ ಪರದೆ ಸೆಕೆಂಡಿಗೆ 90 ಅಥವಾ 120 ಬಾರಿ ಹೊಸದಾಗುತ್ತದೆ. 90 ಎಂದರೂ ಒಂದು ಚಿತ್ರ ಬಿಡಿಸಲು ಸಿಗುವ ಕಾಲ 11 ಮಿಲಿಸೆಕೆಂಡು, ಅದೂ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ, ಒಂದೊಂದರ ಅಳತೆ 2000 × 2040 ಬಿಂದುಗಳು. ಕಣ್ಣುಗುಡ್ಡೆ ಎತ್ತ ನೋಡುತ್ತಿದೆ ಎಂಬುದನ್ನು ಹೆಡ್‌ಸೆಟ್ಟೇ ಗಮನಿಸಿ, ನೋಟ ನೆಟ್ಟ ಜಾಗವನ್ನು ಮಾತ್ರ ಸ್ಫುಟವಾಗಿ ಬಿಡಿಸಿ, ಸುತ್ತಲಿನದನ್ನು ಒರಟಾಗಿ ಬಿಡುವ ಉಪಾಯವೊಂದು ಇದರಲ್ಲಿದೆ. ಸೊಗಸಾದ ಉಪಾಯ. ಹಾಗಿದ್ದೂ ಗ್ರ್ಯಾನ್ ಟುರಿಸ್ಮೊ ಕೂಡ ಸೆಕೆಂಡಿಗೆ 60 ಚಿತ್ರಗಳನ್ನು ಬಿಡಿಸಿ, ನಡುವಿನವನ್ನು ಲೆಕ್ಕಹಾಕಿ ತುಂಬಿ 120 ಮಾಡಬೇಕಾಗಿದೆ.

ಇಷ್ಟೆಲ್ಲ ಸರಿಹೋದರೂ ಉಳಿಯುವ ತೊಡಕು ಕನ್ಸೋಲ್‌ನ ಸ್ವಭಾವದಲ್ಲೇ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಕನ್ಸೋಲ್ ನಡುಮನೆಯ ಸಾಮಾನು. ಒಬ್ಬ ಆಡುತ್ತಾನೆ, ತಂಗಿ ಪಕ್ಕದಲ್ಲಿ ಕುಳಿತು ತಪ್ಪು ತೋರಿಸುತ್ತಾಳೆ, ಅಜ್ಜಿ ಧಾರಾವಾಹಿಯ ಹೊತ್ತಾಯಿತೆಂದು ಗೊಣಗುತ್ತಾರೆ. ಹೆಡ್‌ಸೆಟ್ ಹಾಕಿಕೊಂಡವನು ಅದೇ ಸೋಫಾದ ಮೇಲೆ ಕುಳಿತಿದ್ದರೂ ಮನೆಯಲ್ಲಿರುವುದಿಲ್ಲ. ಅವನು ನೋಡುತ್ತಿರುವುದು ಟೀವಿಯಲ್ಲಿಯೂ ಮೂಡುತ್ತದೆ, ನಿಜ. ಆದರೆ ಇನ್ನೊಬ್ಬರ ಕತ್ತು ಹೊರಳಿದಂತೆಲ್ಲ ಹೊರಳುವ ಚಿತ್ರವನ್ನು ಐದು ನಿಮಿಷಕ್ಕಿಂತ ಹೆಚ್ಚು ನೋಡುವುದು ಕಷ್ಟ. ಇದಕ್ಕೆ ಜಾಣ ಅಪವಾದಗಳೂ ಉಂಟು. ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಎಂಬ ಆಟದಲ್ಲಿ ಬಾಂಬು ಕಾಣುವುದು ಹೆಡ್‌ಸೆಟ್ ಧರಿಸಿದವನಿಗೆ ಮಾತ್ರ, ಅದನ್ನು ನಿಷ್ಕ್ರಿಯಗೊಳಿಸುವ ಕೈಪಿಡಿ ಇರುವುದು ಉಳಿದವರ ಬಳಿ ಮಾತ್ರ, ಮನೆಯೆಲ್ಲ ಕೂಗಾಟ. ಸೋನಿಯ ಮೊದಲ ಹೆಡ್‌ಸೆಟ್‌ಗೆ 2016ರಲ್ಲೇ ಬಂದ ಈ ಆಟದ ಜಾಡಿನಲ್ಲಿ ಇನ್ನಷ್ಟು ಆಟಗಳು ಬರಬೇಕಿತ್ತು.

ಜಾಗದ ಮಾತೂ ಇದೆ. ಎದ್ದು ಓಡಾಡಿ ಆಡುವ ಆಟಗಳಿಗೆ ಕಂಪನಿ ಹೇಳುವ ಕನಿಷ್ಠ ಅಳತೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ. ಟೀಪಾಯಿ ಎತ್ತಿ, ಸೋಫಾ ಹಿಂದಕ್ಕೆ ತಳ್ಳಿದರೆ ನಮ್ಮ ಮನೆಗಳಲ್ಲಿ ಅಷ್ಟು ಜಾಗ ಸಿಕ್ಕೀತು. ಆ ಲೆಕ್ಕದಲ್ಲಿ ಎತ್ತರದ ಪ್ರಸ್ತಾಪವಿಲ್ಲ. ಹೊರೈಝನ್ ಕಾಲ್ ಆಫ್ ದಿ ಮೌಂಟನ್ ಎಂಬ ಆಟದಲ್ಲಿ ಕೈಗಳನ್ನು ಮೇಲೆತ್ತಿ ಬಂಡೆ ಹತ್ತಬೇಕು, ನಮ್ಮ ನಡುಮನೆಯ ಮಧ್ಯದಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಫ್ಯಾನು ನಿಲ್ಲಿಸಿದರೆ ಏಪ್ರಿಲ್ ತಿಂಗಳಲ್ಲಿ ಹತ್ತು ನಿಮಿಷಕ್ಕೇ ಹಣೆಯ ಪಟ್ಟಿ ಒದ್ದೆಯಾಗಿ ಮಸೂರಗಳ ಮೇಲೆ ಮಂಜು ಕೂರುತ್ತದೆ. ಜೊತೆಗೆ ನಾಲ್ಕೂವರೆ ಮೀಟರ್ ವೈರು, ಕಾಲಿಗೆ ತೊಡರದೆ ಬಿಡುವುದಿಲ್ಲ.

ಕನ್ಸೋಲ್‌ಗೆ ಈ ಕನಸನ್ನು ಕಟ್ಟಲು ಹೊರಟವರಲ್ಲಿ ಸೋನಿ ಮೊದಲನೆಯದೇನೂ ಅಲ್ಲ. ಸೆಗಾ 1990ರ ದಶಕದ ಆರಂಭದಲ್ಲಿ ಹೆಡ್‌ಸೆಟ್ ಪ್ರದರ್ಶಿಸಿ, ಮಾರುಕಟ್ಟೆಗೆ ತರದೆ ಕೈಬಿಟ್ಟಿತು. ನಿಂಟೆಂಡೊ 1995ರಲ್ಲಿ ತಂದ ವರ್ಚುವಲ್ ಬಾಯ್, ಕೆಂಪು ಗೆರೆಗಳನ್ನಷ್ಟೇ ತೋರಿಸಿ ಮರುವರ್ಷವೇ ಕಣ್ಮುಚ್ಚಿತು. ಮೈಕ್ರೋಸಾಫ್ಟ್ 2016ರಲ್ಲಿ ತನ್ನ ಮುಂದಿನ ಎಕ್ಸ್‌ಬಾಕ್ಸ್‌ಗೆ ವಿಆರ್ ಬರಲಿದೆ ಎಂದು ಹೇಳಿತ್ತು, 2017ರಲ್ಲಿ ಯಂತ್ರ ಬಂದಾಗ ವಿಆರ್ ಇರಲಿಲ್ಲ. ಪಟ್ಟುಹಿಡಿದು ಎರಡು ಬಾರಿ ಪೂರ್ಣ ಪ್ರಮಾಣದ ಹೆಡ್‌ಸೆಟ್ ತಂದದ್ದು ಸೋನಿ. 2016ರ ಅಕ್ಟೋಬರಿನಲ್ಲಿ ಬಂದ ಅದರ ಮೊದಲ ಹೆಡ್‌ಸೆಟ್ 2019ರ ಅಂತ್ಯದ ಹೊತ್ತಿಗೆ 50 ಲಕ್ಷ ದಾಟಿತ್ತು. ದೊಡ್ಡ ಸಂಖ್ಯೆಯೇ. ಆದರೆ ಅಷ್ಟರಲ್ಲಿ ಪ್ಲೇಸ್ಟೇಷನ್ 4 ಮಾರಾಟವಾಗಿದ್ದು 10 ಕೋಟಿಗೂ ಹೆಚ್ಚು. ಎಂದರೆ ಹೆಚ್ಚುಕಡಿಮೆ ಇಪ್ಪತ್ತು ಕನ್ಸೋಲ್‌ಗೆ ಒಂದು ಹೆಡ್‌ಸೆಟ್. ಆಟ ತಯಾರಿಸುವವನು ಇಪ್ಪತ್ತು ಮನೆಗೆ ಮಾಡಿ ಬಡಿಸುವುದನ್ನು ಬಿಟ್ಟು ಒಂದು ಮನೆಗೆ ಮಾತ್ರ ಏಕೆ ಒಲೆ ಹಚ್ಚಬೇಕು? ಎರಡನೆಯ ಹೆಡ್‌ಸೆಟ್ ಅಮೆರಿಕದಲ್ಲಿ ಸುಮಾರು 550 ಡಾಲರಿಗೆ ಬಂದಿತು, ಆಗ ಕನ್ಸೋಲ್‌ನ ಬೆಲೆಯೇ 500 ಡಾಲರು. ನಮ್ಮಲ್ಲಿ 2023ರ ಡಿಸೆಂಬರಿನಲ್ಲಿ ಬಂದಾಗಲೂ ಸುಮಾರು 58 ಸಾವಿರ ರೂಪಾಯಿ, ಕನ್ಸೋಲ್‌ಗಿಂತ ಒಂದು ಕೈ ಮೇಲೆಯೇ. ಮೂಗಿಗಿಂತ ಮೂಗುತಿ ಭಾರ. ಸಾಲದೆಂಬಂತೆ ಮೊದಲ ಹೆಡ್‌ಸೆಟ್‌ಗೆ ಕೊಂಡ ಆಟಗಳು ಎರಡನೆಯದರಲ್ಲಿ ನಡೆಯುವುದಿಲ್ಲ. ತಯಾರಕರು ಹೊಸದಾಗಿ ಮಾಡಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಸೋನಿಯ ಮನಸ್ಸು ಎತ್ತ ವಾಲಿದೆ ಎಂದು ತಿಳಿಯಲು ನಾನು ಒಂದು ಪುಟ್ಟ ರೋಬೋಟನ್ನು ನೋಡುತ್ತೇನೆ. ಆಸ್ಟ್ರೋ ಬಾಟ್ ಎಂಬ ಆ ರೋಬೋಟಿನ ಮೊದಲ ಪೂರ್ಣ ಪ್ರಮಾಣದ ಆಟ 2018ರಲ್ಲಿ ಬಂದಿತು, ಅದನ್ನು ವಿಆರ್‌ನಲ್ಲಲ್ಲದೆ ಬೇರೆಲ್ಲೂ ಆಡಲು ಸಾಧ್ಯವಿರಲಿಲ್ಲ. ಗೋಡೆಯ ಹಿಂದೆ ಅಡಗಿದವರನ್ನು ನಾವೇ ಕತ್ತು ಚಾಚಿ ಇಣುಕಿ ಪತ್ತೆಹಚ್ಚಬೇಕಿತ್ತು. 2024ರ ಸೆಪ್ಟೆಂಬರಿನಲ್ಲಿ ಅದೇ ರೋಬೋಟಿನ ಹೊಸ ಆಟ ಬಂದು ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯನ್ನೂ ಗಳಿಸಿತು. ಅದರಲ್ಲಿ ವಿಆರ್ ಇಲ್ಲವೇ ಇಲ್ಲ. ಅದೇ ವರ್ಷ, ಮೊದಲ ಹೆಡ್‌ಸೆಟ್‌ಗೆ ಒಳ್ಳೆಯ ಆಟಗಳನ್ನು ಕೊಟ್ಟಿದ್ದ ತನ್ನ ಲಂಡನ್ ಸ್ಟುಡಿಯೋವನ್ನು ಮುಚ್ಚುವುದಾಗಿ ಸೋನಿ ಪ್ರಕಟಿಸಿತು. 2025ರ ಮಾರ್ಚಿನಲ್ಲಿ ಹೆಡ್‌ಸೆಟ್‌ನ ಬೆಲೆ ಅಮೆರಿಕದಲ್ಲಿ 400 ಡಾಲರಿಗೆ ಇಳಿಯಿತು. ಕೊಳ್ಳುವವರಿಗೆ ಇದು ಸಿಹಿ ಸುದ್ದಿಯೇ, ಆದರೆ ತವರಿನವರೇ ಅಡುಗೆ ಮಾಡುವುದನ್ನು ಕಡಿಮೆ ಮಾಡಿದ ಮೇಲೆ ತಟ್ಟೆ ಅಗ್ಗವಾದರೆ ಎಷ್ಟು ಸಂತೋಷಪಡಬೇಕೋ ಅಷ್ಟೇ ಪಡಬಹುದು.

ಮೆಟಾ ಕಂಪನಿಯ ಕ್ವೆಸ್ಟ್‌ನಂಥ ಹೆಡ್‌ಸೆಟ್‌ಗಳು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿವೆ. ಅವುಗಳಲ್ಲಿ ಕಂಪ್ಯೂಟರ್ ತಲೆಯ ಮೇಲೆಯೇ ಇರುತ್ತದೆ, ಕನ್ಸೋಲೂ ಬೇಡ, ವೈರೂ ಬೇಡ. ಚಿತ್ರದ ಸೊಗಸು ಕಡಿಮೆ, ಆದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆಡಬಹುದು, ಟೀವಿ ಅಜ್ಜಿಯ ಪಾಲಿಗೆ ಉಳಿಯುತ್ತದೆ. ವಿಆರ್‌ಗೆ ಒಂದು ಭವಿಷ್ಯವಿದ್ದರೆ ಅದು ಈ ದಾರಿಯದ್ದೇ ಎಂದು ನನಗೆ ತೋರುತ್ತದೆ. ಕನ್ಸೋಲ್‌ನ ವಿಆರ್‌ಗೆ ಉಳಿದಿರುವ ಅರ್ಥಪೂರ್ಣ ಕೆಲಸ ಒಂದೇ: ಟೀವಿಗಾಗಿ ತಯಾರಾದ ದೊಡ್ಡ ಆಟವನ್ನು, ಈಗಾಗಲೇ ಕೊಂಡಿರುವ ಆಟವನ್ನು, ಒಳಗಿನಿಂದ ನೋಡಲು ತೆರೆಯುವ ಎರಡನೆಯ ಬಾಗಿಲಾಗುವುದು. ಗ್ರ್ಯಾನ್ ಟುರಿಸ್ಮೊ 7 ಆ ಬಗೆಯದು, ನೋ ಮ್ಯಾನ್ಸ್ ಸ್ಕೈ ಆ ಬಗೆಯದು, ರೆಸಿಡೆಂಟ್ ಈವಿಲ್ ಮಾಲೆಯ ಕೆಲವು ಆಟಗಳೂ ಆ ಬಗೆಯವು. ತಯಾರಕನಿಗೆ ಇಪ್ಪತ್ತು ಮನೆಗಳ ವ್ಯಾಪಾರ ತಪ್ಪುವುದಿಲ್ಲ, ಆ ಒಂದು ಮನೆಗೆ ವಿಶೇಷ ಊಟವೂ ಸಿಗುತ್ತದೆ.

ಆದ್ದರಿಂದ ನಿಮ್ಮ ಮನೆಯ ಮಟ್ಟಿಗೆ ನನ್ನ ಸಲಹೆ ಇದು. ಮಗ ಯಾವ ಆಟವನ್ನು ಒಟ್ಟು ಎಷ್ಟು ಗಂಟೆ ಆಡಿದ್ದಾನೆ ಎಂಬ ಲೆಕ್ಕವನ್ನು ಕನ್ಸೋಲ್ ತಾನೇ ಇಟ್ಟಿರುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆಸಿ ನೋಡಿ. ಕಾರ್ ರೇಸು ಮೊದಲ ಸ್ಥಾನದಲ್ಲಿದ್ದರೆ, ಮತ್ತು ಅವನು ಸ್ನೇಹಿತರ ಮನೆಯಲ್ಲಾದರೂ ಒಮ್ಮೆ ಹೆಡ್‌ಸೆಟ್ ಹಾಕಿಕೊಂಡು ಅರ್ಧ ಗಂಟೆ ಹೊಟ್ಟೆ ತೊಳಸದೆ ಆಡಿದ್ದರೆ, ಕೊಡಿಸಿ. ಅವನ ಮಟ್ಟಿಗೆ ಅದು ಅಟ್ಟ ಸೇರುವುದಿಲ್ಲ. ಮೊದಲ ಸ್ಥಾನದಲ್ಲಿ ಫುಟ್‌ಬಾಲೋ ಗೆಳೆಯರೊಡನೆ ಆಡುವ ಗುಂಡಿನ ಕಾಳಗವೋ ಇದ್ದರೆ ಬೇಡವೆನ್ನಿ, ಏಕೆಂದರೆ ಮೂರನೆಯ ವಾರಕ್ಕೆ ಅವನು ಅದಕ್ಕೇ ಮರಳುತ್ತಾನೆ. ‘ಕಂಪ್ಯೂಟರಿಗೂ ಜೋಡಿಸಬಹುದು’ ಎಂದು ಅವನು ವಾದಿಸಿದರೆ, 2024ರಿಂದ ಅದಕ್ಕೊಂದು ಅಡಾಪ್ಟರ್ ಇದೆ ಎಂಬುದು ನಿಜ, ಆದರೆ ಕಣ್ಣನ್ನು ಹಿಂಬಾಲಿಸುವ ಸೌಲಭ್ಯವೂ ಹೆಡ್‌ಸೆಟ್‌ನ ಕಂಪನವೂ ಅಲ್ಲಿ ಕೆಲಸ ಮಾಡುವುದಿಲ್ಲ ಎಂದು ತಿಳಿಸಿ. ಮನೆಗೆ ಬರುವ ಚಿಕ್ಕ ಮಕ್ಕಳ ತಲೆಗೆ ಹಾಕಬೇಡಿ. ಹನ್ನೆರಡು ವರ್ಷದೊಳಗಿನವರಿಗೆ ಬೇಡವೆಂದು ಕಂಪನಿಯೇ ಹೇಳಿದೆ. ತಂದದ್ದೇ ಆದರೆ, ಆಡಿ ಮುಗಿದ ಮೇಲೆ ಅದನ್ನು ಕಿಟಕಿಯ ಪಕ್ಕದ ಶೋಕೇಸಿನಲ್ಲಿ ಇಡಬೇಡಿ. ಬೆಳಗಿನ ಬಿಸಿಲು ಮಸೂರದೊಳಗೆ ನೇರವಾಗಿ ಬಿದ್ದರೆ, ಭೂತಗನ್ನಡಿಯಿಂದ ಕಾಗದ ಸುಟ್ಟ ಹಾಗೆ, ಒಳಗಿನ ಪರದೆಯ ಮೇಲೆ ಅಳಿಸಲಾಗದ ಕಲೆ ಉಳಿಯುತ್ತದೆ.

— ಸಂಪಾದಕ